ತೂತು ಆಕಾಶದಲ್ಲಿ, ಕೆಮ್ಮು ನಮ್ಮ ಮೊಹಲ್ಲಾದಲ್ಲಿ

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಮೊಹಲ್ಲಾದ ಶಾಲೆಯಿಂದ ಕರೆ ಬಂತು. ಸೆಪ್ಟೆಂಬರ್ 16 ಓಝೋನ್ ದಿನ, ಮಕ್ಕಳಿಗೆ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಹೋದೆ. ಗೋಡೆ ತುಂಬ ಮಕ್ಕಳು ಬರೆದ ಚಿತ್ರಗಳು. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಕಥೆ: ಕಸದ ರಾಶಿಗೆ ಬೆಂಕಿ, ಅದರಿಂದ ಎದ್ದ ಕಪ್ಪು ಹೊಗೆ ನೆಟ್ಟಗೆ ಮೇಲೆ ಹೋಗಿ ಆಕಾಶದ ನೀಲಿ ಕೊಡೆಗೆ ತೂತು ಕೊರೆಯುತ್ತಿದೆ. ನಾನೂ ಮೈಕು ಹಿಡಿದು ಅದನ್ನೇ ಹೇಳಿದೆ. ಆರನೇ ತರಗತಿಯ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ವೈರ್ ಸುಟ್ಟರೂ ತೂತಾಗುತ್ತಾ?" ಎಂದು ಕೇಳಿದಳು. "ಹೌದಮ್ಮಾ, ಏನು ಸುಟ್ಟರೂ ಆಗುತ್ತೆ" ಎಂದುಬಿಟ್ಟೆ. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಯಾಕೆ ನಕ್ಕರೆಂದು ಆಗ ನನಗೆ ಹೊಳೆಯಲಿಲ್ಲ.

ಮೂರು ದಿನ ಬಿಟ್ಟು ಆ ಹುಡುಗಿಯ ತಂದೆ ನನ್ನ ದವಾಖಾನೆಗೆ ಬಂದರು. ಗುಜರಿ ಅಂಗಡಿ ಇಟ್ಟುಕೊಂಡಿರುವವರು. ಎರಡು ವರ್ಷದಿಂದ ಕೆಮ್ಮಿಗೆ ಬರುತ್ತಿದ್ದವರೇ. ಆ ದಿನ ಕೆಮ್ಮಿನ ಮಾತೇ ಎತ್ತಲಿಲ್ಲ. "ಹಕೀಂ ಸಾಬ್, ಆಸ್ಮಾನಿಗೆ ತೂತು ಮಾಡಿದ್ದು ನಾನಾ? ಬಚ್ಚಿ ಎರಡು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ. ಸ್ಕೂಲಲ್ಲಿ ಎಲ್ಲ ಅವಳನ್ನ ಛೇಡಿಸ್ತಾರಂತೆ" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ರಾತ್ರಿ ಮನೆಗೆ ಹೋಗಿ ಪುಸ್ತಕ ತೆಗೆದೆ. ಒಂದು ವಾರ ಓದಿದ ಮೇಲೆ ನಾನು ಮಕ್ಕಳಿಗೆ ಹೇಳಿದ್ದು ತಪ್ಪು ಎಂದು ಖಚಿತವಾಯಿತು. ನೂರಿನ್ನೂರು ಮಕ್ಕಳ ಮುಂದೆ ಆಡಿದ ತಪ್ಪನ್ನು ದವಾಖಾನೆಯ ಬಾಗಿಲು ಮುಚ್ಚಿಕೊಂಡು ತಿದ್ದಿದರೆ ಸಾಲದು. ಅದಕ್ಕೇ ಈ ಲೇಖನ. ಓದುಗರೇ, ಬಹುಶಃ ನೀವೂ ನಿಮ್ಮ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿರುತ್ತೀರಿ. ಸ್ವಲ್ಪ ತಾಳ್ಮೆಯಿಂದ ಓದಿ.

ಮೇಲಿನ ಓಝೋನ್

ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣುಗಳು ಜೋಡಿಯಾಗಿರುತ್ತವೆ. ಮೂರು ಸೇರಿದರೆ ಅದು ಓಝೋನ್. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಅದು ಹೆಚ್ಚಾಗಿ ಇದೆ. ಪದರ ಎಂದ ಕೂಡಲೇ ದಪ್ಪ ಕಂಬಳಿ ಎಂದುಕೊಳ್ಳಬೇಡಿ. ಅಲ್ಲಿರುವುದನ್ನೆಲ್ಲ ನೆಲಕ್ಕೆ ತಂದು, ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಹಾಸಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಸೂರ್ಯನ ನೇರಳಾತೀತ ಕಿರಣಗಳಲ್ಲಿ ನಮ್ಮನ್ನು ಸುಡುವ ಭಾಗವನ್ನು ಬಹುಪಾಲು ಅಷ್ಟೇ ತಡೆಯುತ್ತದೆ. ಅದಿಲ್ಲದಿದ್ದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ, ಬೆಳೆಗೆ ಹಾನಿ, ಒಂದೇ ಎರಡೇ.

ಅದನ್ನು ಕೊರೆದದ್ದು ಯಾವುದು? ಹೊಗೆಯಲ್ಲ. ಹೊಗೆಯೂ ಇಲ್ಲದ, ವಾಸನೆಯೂ ಇಲ್ಲದ, ಉರಿಯದ, ಉಸಿರಾಡಿದರೂ ತಕ್ಷಣ ಏನೂ ಮಾಡದ ಬಹಳ 'ಸಭ್ಯ' ಅನಿಲಗಳು. ಕ್ಲೋರೋಫ್ಲೋರೋಕಾರ್ಬನ್, ಚಿಕ್ಕದಾಗಿ ಸಿ.ಎಫ್.ಸಿ. ಹಿಂದೆ ಫ್ರಿಜ್ಜಿನಲ್ಲಿ ಅಮೋನಿಯಾ, ಗಂಧಕದ ಡೈಯಾಕ್ಸೈಡ್ ಬಳಸುತ್ತಿದ್ದರು. ಸೋರಿದರೆ ಪ್ರಾಣಾಪಾಯ. 1930ರ ಸುಮಾರಿಗೆ ಸಿ.ಎಫ್.ಸಿ. ಬಂದಾಗ ಜನ ನಿಟ್ಟುಸಿರು ಬಿಟ್ಟರು. ಫ್ರಿಜ್ಜು, ಏ.ಸಿ., ಸ್ಪ್ರೇ ಡಬ್ಬಿ, ಫೋಮು, ಎಲ್ಲದಕ್ಕೂ ಅದೇ. ನನ್ನ ಆಸ್ತಮಾ ರೋಗಿಗಳು ಬಾಯಿಗೆ ಒತ್ತಿಕೊಳ್ಳುತ್ತಿದ್ದ ಹಳೆಯ ಪಂಪಿನಲ್ಲೂ ಔಷಧಿಯನ್ನು ತಳ್ಳುತ್ತಿದ್ದುದು ಇದೇ ಅನಿಲ. ಈಗಿನ ಪಂಪುಗಳಲ್ಲಿ ಅದಿಲ್ಲ, ಬೇರೆ ಅನಿಲವಿದೆ. ಪುಡಿ ಎಳೆದುಕೊಳ್ಳುವ ಇನ್ಹೇಲರಿನಲ್ಲಿ ಅದೂ ಇಲ್ಲ. (ನಾನು ಹಕೀಮನಾದ್ದರಿಂದ ಇನ್ಹೇಲರ್ ಬಿಡಿಸುತ್ತೇನೆ ಎಂದು ಆಸೆಪಟ್ಟು ಬರುವವರಿದ್ದಾರೆ. ಬಿಡಿಸುವುದಿಲ್ಲ. ಉಸಿರು ಕಟ್ಟಿದಾಗ ಜೀವ ಉಳಿಸುವುದು ಅದು.)

ಈ ಅನಿಲಗಳ ಸಭ್ಯತೆಯೇ ಅಪಾಯ. ಕೆಳಗೆ ಯಾವುದರೊಂದಿಗೂ ಬೆರೆಯುವುದಿಲ್ಲ, ಮಳೆಯಲ್ಲಿ ತೊಳೆದು ಹೋಗುವುದಿಲ್ಲ. ಕೆಲವು ಬಗೆಯವು 50, ಕೆಲವು 100 ವರ್ಷ ಗಾಳಿಯಲ್ಲೇ ಉಳಿಯುತ್ತವೆ. ನಿಧಾನವಾಗಿ ಮೇಲೇರಿ, ಓಝೋನ್ ಇರುವಲ್ಲಿಗೆ ತಲುಪಿದಾಗ ಸೂರ್ಯನ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತವೆ. ಒಂದೇ ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುರಿಯಬಲ್ಲದು. ಅದು ತಾನು ಖರ್ಚಾಗುವುದಿಲ್ಲ, ಒಂದನ್ನು ಮುರಿದು ಮತ್ತೊಂದಕ್ಕೆ ಹೋಗುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಹೇಳಿದಾಗ ಕಂಪನಿಗಳು ಒಪ್ಪಲಿಲ್ಲ. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಬ್ರಿಟಿಷ್ ವಿಜ್ಞಾನಿಗಳು ಓಝೋನ್ ವಿಪರೀತ ತೆಳುವಾಗಿರುವುದನ್ನು ಅಳೆದು ತೋರಿಸಿದರು. ಅಲ್ಲಿಯ ಚಳಿಗಾಲದ ವಿಪರೀತ ಥಂಡಿಗೆ ಹುಟ್ಟುವ ಮೋಡಗಳ ಮೇಲೆ ಕ್ಲೋರಿನ್ನಿನ ಕೆಲಸ ಚುರುಕಾಗುತ್ತದೆ. ಸೂರ್ಯ ಮರಳಿ ಬರುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ತೂತು ದೊಡ್ಡದಾಗುತ್ತದೆ. ಅಂದರೆ ತೂತು ಇರುವುದು ನಮ್ಮ ಊರಿನ ಮೇಲಲ್ಲ. ನಮ್ಮ ಕಡೆ ಬಿಸಿಲು ಉರಿಯುವುದು ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಮತ್ತು ಭೂಮಧ್ಯರೇಖೆಯ ಆಸುಪಾಸಿನಲ್ಲಿ ಓಝೋನ್ ಮೊದಲಿನಿಂದಲೂ ತುಸು ತೆಳುವಾಗಿರುವುದರಿಂದ. ಗಾರೆ ಕೆಲಸದವರು, ತಳ್ಳುಗಾಡಿಯವರು ತಲೆಗೆ ರುಮಾಲು, ಅಗಲ ಟೋಪಿ ಹಾಕಿಕೊಳ್ಳಬೇಕು ಎನ್ನಲು ತೂತು ಇರಬೇಕೆಂದೇನೂ ಇಲ್ಲ.

ಹಾಗಾದರೆ ಪ್ಲಾಸ್ಟಿಕ್, ವೈರ್ ಸುಟ್ಟಾಗಲೂ ಕ್ಲೋರಿನ್ ಬರುತ್ತದಲ್ಲ ಎಂದು ನೀವು ಕೇಳಬಹುದು. ನಾನೂ ಇಲ್ಲೇ ಎಡವಿದ್ದೆ. ಬರುತ್ತದೆ. ವೈರಿನ ಮೇಲಿನ ಪಿ.ವಿ.ಸಿ. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಏಳುತ್ತದೆ, ಕಣ್ಣು ಮೂಗು ಉರಿಯುವುದು ಅದರಿಂದ. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮಂಜು, ಮೋಡ, ಮಳೆ ಅದನ್ನು ಹಿಡಿದು ಕೆಳಗಿಳಿಸುತ್ತವೆ. 15 ಕಿಲೋಮೀಟರ್ ಮೇಲೇರುವಷ್ಟು ಆಯುಷ್ಯ ಅದಕ್ಕಿಲ್ಲ. ಅದು ಕರಗುವ ಮೊದಲ ನೀರು ಯಾವುದು ಗೊತ್ತೇ? ಪಕ್ಕದಲ್ಲಿ ನಿಂತವನ ಕಣ್ಣಿನ, ಮೂಗಿನ, ಗಂಟಲಿನ ತೇವ.

ಸುಡುವುದು ಪೂರ್ತಿ ನಿರಪರಾಧಿ ಎಂದೂ ಹೇಳಲಾರೆ. 2019–20ರಲ್ಲಿ ಆಸ್ಟ್ರೇಲಿಯಾದ ಕಾಡುಗಳು ತಿಂಗಳುಗಟ್ಟಲೆ ಉರಿದವು. ಆ ಬೆಂಕಿ ಎಷ್ಟು ದೊಡ್ಡದೆಂದರೆ ತಾನೇ ಗುಡುಗಿನ ಮೋಡ ಎಬ್ಬಿಸಿ ಹೊಗೆಯನ್ನು ಓಝೋನ್ ಪದರದೊಳಕ್ಕೇ ನುಗ್ಗಿಸಿತು. ಸೂಸನ್ ಸೊಲೊಮನ್ ಮತ್ತು ಅವರ ಜೊತೆಗಾರರು ಆ ಹೊಗೆಯ ಕಣಗಳ ಮೇಲೆ ಹಳೆಯ ಕ್ಲೋರಿನ್ ಮತ್ತೆ ಚುರುಕಾಗಿ ಓಝೋನ್ ಸವೆಯಿತೆಂದು ತೋರಿಸಿದ್ದಾರೆ. ಆದರೆ ಅದು ಲಕ್ಷಾಂತರ ಎಕರೆಯ ಬೆಂಕಿ. ನಮ್ಮ ಬೀದಿ ಮೂಲೆಯ ಕಸದ ಬೆಂಕಿಗೆ ಆ ತಾಕತ್ತಿಲ್ಲ.

ಇನ್ನೊಂದು ಅನಿಲದ ಹೆಸರನ್ನು ಇಲ್ಲಿ ಹೇಳಲೇಬೇಕು, ನೈಟ್ರಸ್ ಆಕ್ಸೈಡ್. ಹಲ್ಲಿನ ವೈದ್ಯರು ಬಳಸುವ ನಗೆ ಅನಿಲವೇ. ಇದು ಹೆಚ್ಚಾಗಿ ಬರುವುದು ಹೊಲಕ್ಕೆ ಸುರಿಯುವ ಯೂರಿಯಾ, ಸಗಣಿ ಗೊಬ್ಬರ ಇವುಗಳಿಂದ, ಸ್ವಲ್ಪ ಭಾಗ ಸುಡುವುದರಿಂದ. ಸಿ.ಎಫ್.ಸಿ.ಗಳಿಗೆ ಕಡಿವಾಣ ಬಿದ್ದ ಮೇಲೆ ಈ ಶತಮಾನದಲ್ಲಿ ನಾವು ಗಾಳಿಗೆ ಬಿಡುತ್ತಿರುವವುಗಳಲ್ಲಿ ಓಝೋನಿಗೆ ದೊಡ್ಡ ಶತ್ರು ಇದೇ ಎಂದು 2009ರಲ್ಲಿ ಲೆಕ್ಕ ಹಾಕಿ ತೋರಿಸಿದ ತಂಡದ ಮುಂದಾಳು ಎ. ಆರ್. ರವಿಶಂಕರ, ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಅದೇ ರೀತಿ, ಸಿ.ಎಫ್.ಸಿ. ಭೂಮಿಯನ್ನು ಬಿಸಿಯೂ ಮಾಡುತ್ತದೆ ಎಂದು 1975ರಲ್ಲಿ ತೋರಿಸಿದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ. ಅದಕ್ಕೂ ಮುಂಚೆ ಅವರು ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಯಲ್ಲಿ ಗ್ಯಾಸು ಯಾಕೆ ಸೋರುತ್ತಿದೆ ಎಂದು ಹುಡುಕುವ ಕೆಲಸದಲ್ಲಿದ್ದರಂತೆ. ನಮ್ಮ ಮೊಹಲ್ಲಾದಲ್ಲಿ ಫ್ರಿಜ್ ರಿಪೇರಿ ಮಾಡುವ ಹುಡುಗರಿಗೆ ನಾನು ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ನಗರದಲ್ಲಿ ಆದ ಒಪ್ಪಂದಕ್ಕೆ ಆಮೇಲೆ ಜಗತ್ತಿನ ಎಲ್ಲ ದೇಶಗಳೂ ಸೇರಿದವು. ಭಾರತ ಸೇರಿದ್ದು 1992ರಲ್ಲಿ. ಸಿ.ಎಫ್.ಸಿ. ತಯಾರಿಕೆ ಬಹುಪಾಲು ನಿಂತಿತು. ವಿಜ್ಞಾನಿಗಳ ಅಂದಾಜಿನಂತೆ ಇದೇ ರೀತಿ ನಡೆದರೆ 2040ರ ಹೊತ್ತಿಗೆ ಜಗತ್ತಿನ ಹೆಚ್ಚಿನ ಕಡೆ, 2066ರ ಸುಮಾರಿಗೆ ದಕ್ಷಿಣ ಧ್ರುವದ ಮೇಲೂ ಓಝೋನ್ 1980ರ ಸ್ಥಿತಿಗೆ ಮರಳಬಹುದು. ಎಲ್ಲರೂ ಸೇರಿ ಹಿಡಿದ ಕೆಲಸ ಫಲ ಕೊಟ್ಟ ಅಪರೂಪದ ಪ್ರಸಂಗ ಇದು. ನಮ್ಮ ಶಾಲೆಗಳಲ್ಲಿ ಭೂಮಿ ಅಳುವ ಚಿತ್ರ ಬರೆಸುವವರು ಇದನ್ನೂ ಒಮ್ಮೆ ಬರೆಸಬೇಕು.

ಕೆಳಗಿನ ಓಝೋನ್

ಈಗ ನನ್ನ ತಕರಾರಿಗೆ ಬರುತ್ತೇನೆ. "ಸುಟ್ಟರೆ ಓಝೋನಿಗೆ ತೂತು" ಎಂದು ಹೇಳುವುದರಿಂದ ಏನಾಗುತ್ತದೆ? ಗುಜರಿಯವನ ಮಗಳು ತಲೆ ತಗ್ಗಿಸುತ್ತಾಳೆ. ಉಳಿದವರು, ದಕ್ಷಿಣ ಧ್ರುವ ಎಲ್ಲಿ, ನಮ್ಮ ಗಲ್ಲಿ ಎಲ್ಲಿ ಎಂದು ಕಸಕ್ಕೆ ಕಡ್ಡಿ ಗೀರುತ್ತಾರೆ. ಅಪಾಯವನ್ನು ಅಷ್ಟು ದೂರ ಇಟ್ಟರೆ ಯಾರಿಗೂ ಅದು ತಟ್ಟುವುದಿಲ್ಲ. ಸುಡುವುದರ ಪೆಟ್ಟು ಬೀಳುವುದು 20 ಕಿಲೋಮೀಟರ್ ಮೇಲಲ್ಲ, 20 ಅಡಿ ಆಚೆ ಮಲಗಿರುವ ಮಗುವಿನ ಎದೆಯ ಮೇಲೆ.

ಓಝೋನ್ ಕೆಳಗೂ ಹುಟ್ಟುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು, ಪೆಟ್ರೋಲ್, ಪೇಂಟು, ತಿನ್ನರ್ ಇವುಗಳ ಆವಿ, ಕಸ ಸುಟ್ಟ ಹೊಗೆಯ ಅನಿಲಗಳು, ಇವೆಲ್ಲ ಬಿಸಿಲಿನಲ್ಲಿ ಬೆಂದರೆ ಓಝೋನ್ ಆಗುತ್ತದೆ. ಮೇಲೆ ಇದ್ದಾಗ ಕೊಡೆಯಾಗಿದ್ದದ್ದು ಮೂಗಿನೊಳಗೆ ಹೋದಾಗ ತೇಜಾಬು. ಶ್ವಾಸನಾಳದ ಒಳಪೊರೆಯನ್ನು ಕೆರಳಿಸುತ್ತದೆ, ಎದೆ ಬಿಗಿಯುತ್ತದೆ, ಆಸ್ತಮಾ ಇದ್ದವರಿಗೆ ಕೆದಕುತ್ತದೆ. ಬಿಸಿಲು ಬೇಕಾದ್ದರಿಂದ ಇದು ಏರುವುದು ಮಧ್ಯಾಹ್ನ ಮತ್ತು ಅಸರ್ ನಮಾಝಿನ ಆಸುಪಾಸಿನ ಹೊತ್ತಿಗೆ. ನಮ್ಮ ದೇಶದ ಮಾನದಂಡದ ಪ್ರಕಾರ 8 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು. ಬೇಸಿಗೆಯಲ್ಲಿ ದಮ್ಮು ಇರುವ ಮಕ್ಕಳನ್ನು ದೊಡ್ಡ ರಸ್ತೆ ಬದಿಯ ಮೈದಾನದಲ್ಲಿ ಆ ಹೊತ್ತಿಗೆ ಓಡಿಸಬೇಡಿ, ಬೆಳಿಗ್ಗೆ ಆಡಲಿ. ಕೆಳಗಿನ ಈ ಓಝೋನ್ ಮೇಲೇರಿ ತೂತನ್ನು ಮುಚ್ಚುತ್ತದೆ ಎಂದೂ ಯಾರೋ ಕೇಳಿದರು. ಇಲ್ಲ, ಅಷ್ಟು ದೂರ ಹೋಗುವ ಮುಂಚೆಯೇ ಮುರಿದುಹೋಗುತ್ತದೆ. ಹಾಗೆಯೇ ಕೋಣೆಯ ಗಾಳಿ ಶುದ್ಧ ಮಾಡುತ್ತದೆಂದು ಓಝೋನ್ ಬಿಡುವ ಯಂತ್ರಗಳನ್ನು ಮಾರುತ್ತಾರೆ. ಆಸ್ತಮಾ ರೋಗಿ ಇರುವ ಮನೆಗೆ ಅದನ್ನು ತರಬೇಡಿ.

ನಮ್ಮ ಯುನಾನಿ ಶಾಸ್ತ್ರದಲ್ಲಿ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬ್-ಎ-ಸಿತ್ತಾ ಝರೂರಿಯಾ ಎನ್ನುತ್ತೇವೆ. ಆಹಾರ, ನಿದ್ರೆ ಎಲ್ಲ ಆಮೇಲೆ, ಮೊದಲನೆಯದೇ ಹವಾ, ಸುತ್ತಲಿನ ಗಾಳಿ. ಇಬ್ನ್ ಸೀನಾ ಸಾವಿರ ವರ್ಷದ ಹಿಂದೆ ತಮ್ಮ ಅಲ್-ಖಾನೂನಿನಲ್ಲಿ ಗಾಳಿ ಕೆಡುವುದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಇನ್ನೊಂದು ಮಾತು, ಇಝಾಲಾ-ಎ-ಸಬಬ್. ಚಿಕಿತ್ಸೆಗೆ ಮುಂಚೆ ಕಾರಣವನ್ನು ತೆಗೆ ಎಂದು. ಕಾಲೇಜಿನಲ್ಲಿ ಮೊದಲ ವರ್ಷವೇ ಓದಿದ್ದೆ. ಆದರೂ ಆ ಗುಜರಿಯವರಿಗೆ ನಾನು ಎರಡು ವರ್ಷ ಕೊಟ್ಟಿದ್ದೇನು? ಶರ್ಬತ್ ಝೂಫಾ, ಲವೂಕ್-ಎ-ಸಪಿಸ್ತಾನ್. ಕೆಮ್ಮು ಇಳಿಯುತ್ತಿತ್ತು. ಹೋಗಿ ಮತ್ತೆ ವೈರು ಸುಡುತ್ತಿದ್ದರು, ಮತ್ತೆ ಬರುತ್ತಿದ್ದರು. ಸರ್ಕಾರಿ ಆಸ್ಪತ್ರೆಗೆ ಕಳಿಸಿ ಕಫ ಪರೀಕ್ಷೆ ಮಾಡಿಸಿದ್ದೆ, ಟಿ.ಬಿ. ಇರಲಿಲ್ಲ. "ದಿನಾ ಏನು ಸುಡುತ್ತೀರಿ, ಎಲ್ಲಿ ಸುಡುತ್ತೀರಿ" ಎಂದು ಒಮ್ಮೆಯೂ ಕೇಳಿರಲಿಲ್ಲ. ಔಷಧಿಯಿಂದ ಕಫ ಸಡಿಲವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿದ ಮಸಿಯನ್ನು ಯಾವ ಜೋಶಾಂದವೂ ತೊಳೆಯುವುದಿಲ್ಲ.

ವೈರು, ಫ್ರಿಜ್ಜು ಮತ್ತು ನಮ್ಮ ಹುಡುಗರು

ವೈರು ಸುಡುವುದು ತಾಮ್ರಕ್ಕಾಗಿ. ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮನೆಗಳ ಒಲೆ ಉರಿಯುವುದು ಗುಜರಿಯಿಂದ ಎಂದು ನಿಮಗೆ ಗೊತ್ತು. ಊರಿನವರು ಬಿಸಾಡಿದ್ದನ್ನು ಬೇರೆ ಮಾಡಿ ಮತ್ತೆ ಬಳಕೆಗೆ ತರುವ ಕೆಲಸ ಅದು. ಅದನ್ನು ಕೀಳಾಗಿ ನೋಡುವವರ ಜೊತೆ ನಾನಿಲ್ಲ. ಆದರೆ ಸುಡುವುದು ಬೇರೆ ವಿಷಯ. ಪಿ.ವಿ.ಸಿ. ತಾಮ್ರದ ಜೊತೆಯಲ್ಲಿ ಸುಟ್ಟಾಗ ಡೈಯಾಕ್ಸಿನ್ ಎಂಬ ವಿಷ ಹೆಚ್ಚು ಹುಟ್ಟುತ್ತದೆ, ಏಕೆಂದರೆ ಆ ರಾಸಾಯನಿಕ ಕ್ರಿಯೆಯನ್ನು ತಾಮ್ರವೇ ಚುರುಕುಗೊಳಿಸುತ್ತದೆ. ಡೈಯಾಕ್ಸಿನ್ ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ತಾಯಿಯ ಹಾಲಿಗೂ ಬರುತ್ತದೆ, ಕ್ಯಾನ್ಸರಿಗೆ ಕಾರಣವಾಗುತ್ತದೆ. ಹಳೆಯ ವೈರುಗಳ ಪ್ಲಾಸ್ಟಿಕ್ಕಿನಲ್ಲಿ ಸೀಸವೂ ಇರುತ್ತದೆ. ಸುಟ್ಟ ಮೇಲೆ ಅದು ಬೂದಿಯಲ್ಲಿ ಕೂರುತ್ತದೆ. ಅದೇ ಅಂಗಳದಲ್ಲಿ ಮಗು ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ, ರಕ್ತಹೀನತೆ ತರುತ್ತದೆ. ಓದಿನಲ್ಲಿ ಹಿಂದೆ ಎಂದು ಬೈಸಿಕೊಳ್ಳುವ ಇಂಥ ಮನೆಯ ಮಗುವಿಗೆ ಒಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ವೈರು ಸುಡುವವರು ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಓಝೋನಿನ ಲೆಕ್ಕದಲ್ಲಿ ಗುಜರಿ ಅಂಗಡಿಯ ನಿಜವಾದ ಪಾಲು ಇರುವುದು ಬೆಂಕಿಯಲ್ಲಲ್ಲ, ಹಳೆಯ ಫ್ರಿಜ್ಜು ಮತ್ತು ಏ.ಸಿ.ಯಲ್ಲಿ. ಕಂಪ್ರೆಸರಿನ ಪೈಪು ಕತ್ತರಿಸಿದಾಗ ಸುಂಯ್ ಎಂದು ಹೋಗುತ್ತದಲ್ಲ, ಅದು. 2003ಕ್ಕಿಂತ ಹಿಂದಿನ ಫ್ರಿಜ್ಜಾದರೆ ಒಳಗೆ ಸಿ.ಎಫ್.ಸಿ. ಇರಬಹುದು. ಅದರ ಗೋಡೆಯೊಳಗಿನ ಹಳದಿ ಫೋಮಿನಲ್ಲೂ ಇರುತ್ತದೆ, ಸುತ್ತಿಗೆಯಲ್ಲಿ ಒಡೆದಾಗ ಹೊರಬರುತ್ತದೆ. ಹಳೆಯ ಏ.ಸಿ.ಗಳಲ್ಲಿ ಆರ್-22 ಎಂಬ ಅನಿಲ. ಅದೂ ಓಝೋನಿಗೆ ಹಾನಿಯೇ, ಸಿ.ಎಫ್.ಸಿ.ಯಷ್ಟಲ್ಲ. ನಮ್ಮ ದೇಶದಲ್ಲಿ 2030ರೊಳಗೆ ಅದನ್ನೂ ಬಿಡಬೇಕಾಗಿದೆ. ಅಂದರೆ ಶಾಲೆಯ ಚಿತ್ರಗಳಲ್ಲಿ ಕಪ್ಪು ಹೊಗೆ ಬರೆದ ಮಕ್ಕಳು, ಶಬ್ದ ಮಾತ್ರ ಇರುವ, ಕಣ್ಣಿಗೆ ಕಾಣದ ಈ ಗಾಳಿಯನ್ನು ಬರೆಯಬೇಕಿತ್ತು. ಹೇಗೆ ಬರೆಯುತ್ತಾರೆ ಪಾಪ.

ರಿಪೇರಿ ಹುಡುಗರಿಗೆ ಒಂದು ಮಾತು. ಗ್ಯಾಸು ಪೂರ್ತಿ ತೆಗೆಯದೆ ಪೈಪಿಗೆ ಬೆಸುಗೆ ಹಾಕಬೇಡಿ. ಆರ್-22 ಬೆಂಕಿಗೆ ತಾಗಿದರೆ ಆಮ್ಲದ ಹಬೆಗಳ ಜೊತೆ ಸ್ವಲ್ಪ ಪ್ರಮಾಣದಲ್ಲಿ ಫಾಸ್‌ಜೀನ್ ಕೂಡ ಹುಟ್ಟುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು. ಅದರ ಮೋಸ ಏನೆಂದರೆ, ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು, ಆಮೇಲೆ ಏನೂ ಇಲ್ಲ ಅನಿಸುತ್ತದೆ. ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಬೆಸುಗೆ ಹಾಕುವಾಗ ಕಟು ವಾಸನೆ ಬಂದು ಗಂಟಲು ಹಿಡಿದರೆ ಕೆಲಸ ಬಿಟ್ಟು ಹೊರಗೆ ಬನ್ನಿ. ರಾತ್ರಿ ಉಸಿರು ಕಟ್ಟಿದರೆ ನನ್ನ ಬಳಿ ಬರಬೇಡಿ, ಆಕ್ಸಿಜನ್ ಇರುವ ಆಸ್ಪತ್ರೆಗೆ ಹೋಗಿ. ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರವಿದೆ. ಒಬ್ಬೊಬ್ಬರಿಗೆ ದುಬಾರಿ, ನಾಲ್ಕೈದು ಅಂಗಡಿಯವರು ಸೇರಿ ಕೊಳ್ಳಬಹುದು. ನೀವು ಏ.ಸಿ. ರಿಪೇರಿಗೆ ಕೊಡುವ ಗ್ರಾಹಕರಾದರೆ, ಸೋರುವ ಜಾಗ ಹುಡುಕದೆ ಬರೀ ಗ್ಯಾಸು ತುಂಬಿಸಿ ಹೋಗುವವನಿಗೆ ದುಡ್ಡು ಕೊಡಬೇಡಿ.

ನಮ್ಮದೇ ಮನೆಯ ಹೊಗೆ

ಗುಜರಿಯವರನ್ನು ದೂರಿ ಮುಗಿಸುವ ಹಕ್ಕು ನನಗಿಲ್ಲ. ಹೋದ ವರ್ಷದವರೆಗೂ ನನ್ನ ದವಾಖಾನೆಯ ಹಿಂದೆ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಸೀಸೆ, ಹತ್ತಿ ಎಲ್ಲ ಸೇರಿಸಿ ಕಾಂಪೌಂಡರ್ ಸಂಜೆ ಕಡ್ಡಿ ಗೀರುತ್ತಿದ್ದ. ನನಗೆ ಗೊತ್ತಿತ್ತು, ಜಾಗ ಚೊಕ್ಕಟವಾಯಿತಲ್ಲ ಎಂದು ಸುಮ್ಮನಿದ್ದೆ. ನಮ್ಮ ಜನಕ್ಕೆ ಪಾಕಿ ಎಂದರೆ ಪ್ರಾಣ, ಅಂಗಳದಲ್ಲಿ ಒಂದು ಕಾಗದ ಬಿದ್ದಿದ್ದರೂ ಗುಡಿಸುತ್ತೇವೆ. ಗುಡಿಸಿದ್ದನ್ನು ಸುಟ್ಟು ಗಾಳಿಗೆ ಸೇರಿಸಿದರೆ ಅದು ಹೋಯಿತೆಂದುಕೊಳ್ಳುತ್ತೇವೆ. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದು ಒಳ್ಳೆಯ ಕೆಲಸವೆಂದು ಮದ್ರಸಾದಲ್ಲಿ ಕಲಿಸುತ್ತೇವೆ, ಗಾಳಿಯಲ್ಲಿ ಹಾಕುವ ಮುಳ್ಳಿನ ಬಗ್ಗೆ ಯಾಕೋ ಮಾತಾಡುವುದಿಲ್ಲ.

ಬಕ್ರೀದಿನಲ್ಲಿ ರಸ್ತೆ ಬದಿಯಲ್ಲಿ ತಲೆ-ಕಾಲು ಸುಡುವುದನ್ನೇ ನೋಡಿ. ಇದ್ದಿಲಿನಲ್ಲೋ ಗ್ಯಾಸಿನ ಬರ್ನರಿನಲ್ಲೋ ಸುಟ್ಟರೆ ಒಂದು ಮಾತು. ಟೈರು, ಹಳೆ ಚಪ್ಪಲಿ ಹಾಕಿ ಉರಿ ಎಬ್ಬಿಸಿ ಅದರ ಮೇಲೆ ತಲೆ ಹಿಡಿಯುವವರನ್ನು ನಾನು ಕಂಡಿದ್ದೇನೆ. ಆ ಮಸಿ ನೇರ ನಿಮ್ಮ ಪಾಯಾದ ಪಾತ್ರೆಗೆ ಬರುತ್ತದೆ. ಅಂಥವರಿಗೆ ಕೊಡಬೇಡಿ, ಯಾಕೆ ಕೊಡುವುದಿಲ್ಲವೆಂದು ಹೇಳಿಯೇ ವಾಪಸು ಬನ್ನಿ. ಮಂಡಕ್ಕಿ ಭಟ್ಟಿಗೆ ಟೈರು ಹಾಕುವವರಿಗೂ ಇದೇ ಮಾತು.

ಲೋಬಾನಿನ ವಿಷಯಕ್ಕೆ ಅಮ್ಮಿ-ಖಾಲಾಗಳು ನನ್ನ ಮೇಲೆ ಸಿಟ್ಟಾಗಬೇಡಿ. ಧೂನಿ ಹಾಕುವುದು ನಮ್ಮ ಗ್ರಂಥಗಳಲ್ಲೂ ಇದೆ, ನನಗೂ ಆ ವಾಸನೆ ಇಷ್ಟ. ಆದರೆ ಕಿಟಕಿ ಬಾಗಿಲು ಮುಚ್ಚಿ, ತೊಟ್ಟಿಲ ಕೆಳಗೆ ಕೆಂಡ ಇಟ್ಟು ಬಾಣಂತಿ ಕೋಣೆ ತುಂಬ ಹೊಗೆ ಮಾಡುವುದು ಬೇಡ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ದಮ್ಮು ಇರುವವರು ಮನೆಯಲ್ಲಿದ್ದರೆ ಲೋಬಾನ್ ಅಂಗಳದಲ್ಲಿರಲಿ. ಸೊಳ್ಳೆ ಬತ್ತಿಯೂ ಅಷ್ಟೇ. ಒಂದು ಬತ್ತಿ ಪೂರ್ತಿ ಉರಿದಾಗ ಬಿಡುವ ನುಣುಪು ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಸೊಳ್ಳೆ ಪರದೆಗೆ ಒಮ್ಮೆ ಖರ್ಚು ಮಾಡಿ.

ಕಾನೂನು ಇಲ್ಲವೆಂದಲ್ಲ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಕಸದ ಆ ಮೊಕದ್ದಮೆಯನ್ನು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್, ಇಪ್ಪತ್ತು ವರ್ಷ ಬೆನ್ನು ಹತ್ತಿದರು. ಅಷ್ಟಾದರೂ ಮರುವರ್ಷ ಫೆಬ್ರವರಿಯಲ್ಲಿ ಅದೇ ಬೆಂಗಳೂರಿನ ಬೆಳ್ಳಂದೂರು ಕೆರೆಗೇ ಬೆಂಕಿ ಬಿತ್ತು. ನೀರಿಗೆ ಬೆಂಕಿ! ನಮ್ಮ ಊರುಗಳಲ್ಲಿ ಕಸದ ಗಾಡಿ ಎಲ್ಲ ಗಲ್ಲಿಗೂ ಬರುವುದಿಲ್ಲ, ನಮ್ಮ ಮೊಹಲ್ಲಾಗಳಿಗಂತೂ ವಾರಕ್ಕೊಮ್ಮೆ ಬಂದರೆ ಹೆಚ್ಚು. ಗಾಡಿ ಬರದಿದ್ದರೆ ಜನ ಸುಡುತ್ತಾರೆ, ಸುಟ್ಟರೆ ದಂಡ ಎನ್ನುತ್ತಾರೆ. ಇದು ನ್ಯಾಯವಲ್ಲ. ಜಮಾಅತ್ ಕಮಿಟಿಯವರು ಮಸೀದಿಗೆ ಟೈಲ್ಸ್ ಹಾಕಿಸಲು ಎಷ್ಟು ಓಡಾಡುತ್ತಾರೋ ಅದರಲ್ಲಿ ಕಾಲು ಭಾಗ ನಗರಸಭೆಗೆ ಓಡಾಡಿ ಕಸದ ಗಾಡಿ ದಿನಾ ಬರುವಂತೆ ಮಾಡಲಿ ಎಂದು ನಾನು ಕಮಿಟಿ ಸಭೆಯಲ್ಲೇ ಹೇಳಿದ್ದೇನೆ. ಕೆಲವರಿಗೆ ಹಿಡಿಸಲಿಲ್ಲ. ಮೂವರು ಮಾತ್ರ ನನ್ನ ಜೊತೆ ಅರ್ಜಿ ಕೊಡಲು ಬಂದರು. ಗಾಡಿ ಈಗ ವಾರಕ್ಕೆ ಮೂರು ದಿನ ಬರುತ್ತಿದೆ.

ಶಾಲೆಗೆ ಮತ್ತೆ ಹೋದೆ. ಅಸೆಂಬ್ಲಿಯಲ್ಲಿ ನಿಂತು, ಅವತ್ತು ನಾನು ಹೇಳಿದ್ದು ತಪ್ಪು, ವೈರು ಸುಟ್ಟ ಹೊಗೆಯಿಂದ ಓಝೋನಿಗೆ ತೂತಾಗುವುದಿಲ್ಲ, ಆದರೆ ಸುಟ್ಟವರ ಎದೆ ಕೆಡುತ್ತದೆ ಎಂದೆ. ಆ ಹುಡುಗಿ ತಲೆ ಎತ್ತಿ ನೋಡಿದಳು, ನಗಲಿಲ್ಲ. ಆಮೇಲೆ ವರಾಂಡದಲ್ಲಿ ಬಂದು, "ಹಾಗಾದ್ರೆ ಅಬ್ಬಾಗೆ ಏನಾಗುತ್ತೆ ಸರ್?" ಎಂದು ಕೇಳಿದಳು. ಮೊದಲ ಪ್ರಶ್ನೆಗಿಂತ ಇದು ಕಷ್ಟದ್ದು. ನಿಲ್ಲಿಸಿದರೆ ಕೆಮ್ಮು ಕಡಿಮೆಯಾಗಬಹುದಮ್ಮಾ ಎಂದೆ.

ಅವಳ ತಂದೆ ಮತ್ತು ಅದೇ ಸಾಲಿನ ಇನ್ನಿಬ್ಬರು ಸೇರಿ ವೈರು ಸುಲಿಯುವ ಕೈಯಂತ್ರವೊಂದನ್ನು ತಂದಿದ್ದಾರೆ. ಹಿಡಿಕೆ ತಿರುಗಿಸಿದರೆ ಪ್ಲಾಸ್ಟಿಕ್ ಸಿಪ್ಪೆ ಸೀಳಿ ತಾಮ್ರ ಬೇರೆಯಾಗುತ್ತದೆ. ಸುಟ್ಟು ಕಪ್ಪಾದ ತಾಮ್ರಕ್ಕಿಂತ ಹೊಳೆಯುವ ತಾಮ್ರಕ್ಕೆ ಕಿಲೋಗೆ ಹೆಚ್ಚು ದರ ಸಿಗುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ದಿನದ ಕೂಲಿ ಲೆಕ್ಕದಲ್ಲಿ ಸುಡುವುದು ಬೇಗ ಆಗುತ್ತದೆಂದು ಸುಡುತ್ತಿದ್ದರು. ದಪ್ಪ ವೈರಿಗೆ ಯಂತ್ರ ಚೆನ್ನಾಗಿದೆ. ಚಾರ್ಜರ್, ಇಯರ್‌ಫೋನಿನಂಥ ಕೂದಲೆಳೆ ವೈರಿಗೆ ಅದು ಹಿಡಿಯುವುದಿಲ್ಲ. ಅದನ್ನು ಈಗ ಮೂಟೆ ಕಟ್ಟಿ ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದಾರೆ, ಹಾಗೆಯೇ ಕೊಳ್ಳುವವರು ಸಿಗುತ್ತಾರೋ ನೋಡುತ್ತಿದ್ದಾರೆ. ಹೋದ ವಾರ ದವಾಖಾನೆಗೆ ಬಂದಾಗ, "ಮೂಟೆ ಹನ್ನೊಂದು ಆಯ್ತು ಹಕೀಂ ಸಾಬ್, ಜಾಗ ಇಲ್ಲ. ಏನ್ ಮಾಡ್ಲಿ?" ಎಂದರು. ಕೊಳ್ಳುವ ಜನ ನಿಮ್ಮ ಊರಿನಲ್ಲಿ ಗೊತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.